ಹೊಲಿಗೆ ಒಣಗಿರಲಿ, ನಾಲಿಗೆ ತಾಗದಿರಲಿ: ಆಪರೇಷನ್ ಆದ ಬೆಕ್ಕಿನ ಮನೆ ಆರೈಕೆ

ಬೆಕ್ಕಿನ ಸಂತಾನಹರಣ ಆಪರೇಷನ್ ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆಯ ಕೆಲಸ. ಗಾಯ ಮಾಯಲು ಮಾತ್ರ 10ರಿಂದ 14 ದಿನ ಬೇಕು. ಅಷ್ಟೂ ದಿನ ಬೆಕ್ಕು ಇರುವುದು ನಿಮ್ಮ ಮನೆಯಲ್ಲಿ. ಚೆನ್ನಾಗಿ ಹೊಲಿದ ಗಾಯವೂ ಮನೆಯಲ್ಲಿ ಕೆಡುವುದಕ್ಕೆ ಕಾರಣಗಳು ಹೆಚ್ಚೇನಿಲ್ಲ: ಬೆಕ್ಕು ನೆಕ್ಕಿರುತ್ತದೆ, ಗಾಯ ಒದ್ದೆಯಾಗಿರುತ್ತದೆ, ಇಲ್ಲವೇ ಮನೆಯವರು ಪ್ರೀತಿಯಿಂದ ಏನನ್ನೋ ಹಚ್ಚಿರುತ್ತಾರೆ. ಮಲೆನಾಡಿನಲ್ಲಿ ಇದಕ್ಕೆ ನೊಣವೂ ಸೇರಿಕೊಳ್ಳುತ್ತದೆ. ಮುಂದೆ ಬರುವ ವಿವರಗಳೆಲ್ಲ ಈ ನಾಲ್ಕನ್ನು ತಡೆಯುವುದಕ್ಕೇ. ಸಂತಾನಹರಣವನ್ನೇ ಮುಖ್ಯವಾಗಿಟ್ಟುಕೊಂಡು ಬರೆದಿದೆ; ಬೇರೆ ಆಪರೇಷನ್‌ಗಳ ಮಾತು ಕೊನೆಯ ಕಡೆ ಬರುತ್ತದೆ.

ಯಾವ ಕಾಲದಲ್ಲಿ ಮಾಡಿಸಬೇಕು

ದಿನ ಆರಿಸುವ ಅವಕಾಶವಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ಬಿಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಆ ತಿಂಗಳುಗಳಲ್ಲಿ ಹಾಸಿದ ಬಟ್ಟೆ ಒಣಗುವುದಿಲ್ಲ, ನೆಲ ಒಣಗುವುದಿಲ್ಲ, ಬೆಕ್ಕೂ ಒಣಗಿರುವುದಿಲ್ಲ. ಅಡಿಕೆ ಕೊಯ್ಲಿನ ಹೊತ್ತೂ ಅಷ್ಟೇನೂ ಒಳ್ಳೆಯದಲ್ಲ. ಅಡಿಕೆ ಸುಲಿಯುವವರು, ಬೇಯಿಸುವವರು ಒಳಗೂ ಹೊರಗೂ ಓಡಾಡುತ್ತಿರುತ್ತಾರೆ, ಬಾಗಿಲು ಹಾಕಿರಿ ಎಂದು ಎಷ್ಟು ಮಂದಿಗೆ ಹೇಳುತ್ತೀರಿ? ಫೆಬ್ರವರಿಯಿಂದ ಮೇ ಸಲೀಸು. ಹಾಗೆಂದು ಹೆಣ್ಣು ಬೆಕ್ಕಿನ ಆಪರೇಷನ್ನನ್ನು ಇಡೀ ಮಳೆಗಾಲ ಮುಂದೂಡಿದರೆ ಅಷ್ಟರಲ್ಲಿ ಮರಿ ಹಾಕಿರುತ್ತದೆ, ಬೆಕ್ಕಿನ ಗರ್ಭ ಸುಮಾರು 65 ದಿನ ಮಾತ್ರ. ಒಣ ಕೋಣೆಯೊಂದನ್ನು ಮಾಡಿಕೊಳ್ಳಬಲ್ಲಿರಾದರೆ ಮಳೆಗಾಲದಲ್ಲೂ ಮಾಡಿಸಬಹುದು.

ಕೋಣೆ ಮೊದಲೇ ಸಿದ್ಧವಾಗಲಿ

ಹಂಚಿನ ಮನೆಯಲ್ಲಿ ಬೆಕ್ಕನ್ನು ಕೂಡಿಹಾಕುವುದು ಹೇಳಿದಷ್ಟು ಸುಲಭವಲ್ಲ. ಗೋಡೆಗೂ ಮಾಡಿಗೂ ನಡುವೆ ಗೇಣಗಲದ ಸಂದಿ ಇರುತ್ತದೆ, ಅಟ್ಟಕ್ಕೆ ಏಣಿ ಇರುತ್ತದೆ, ಕಿಟಕಿಗೆ ಸರಳು ಮಾತ್ರ ಇರುತ್ತದೆ. ಅರಿವಳಿಕೆಯ ಮಂಪರು ಪೂರ್ತಿ ಇಳಿಯುವ ಮೊದಲೇ ಅಟ್ಟ ಹತ್ತಲು ಹೋಗಿ ಬೀಳುವ ಬೆಕ್ಕುಗಳುಂಟು. ಆದ್ದರಿಂದ ಕೋಣೆ ಆರಿಸುವಾಗ ಮೊದಲು ತಲೆ ಎತ್ತಿ ನೋಡಿ. ತಾರಸಿ ಇರುವ ಸಣ್ಣ ಕೋಣೆ, ಬಳಸದ ಬಾತ್‌ರೂಮು, ಸ್ಟೋರು, ಯಾವುದಾದರೂ ಆದೀತು. ಮೇಲೆ ದಾರಿ ಇರಬಾರದು, ನೆಲ ಒಣಗಿರಬೇಕು. ಮಂಚ, ಬೀರುವಿನ ಅಡಿಯನ್ನು ರಟ್ಟು ಇಟ್ಟು ಮುಚ್ಚಿ. ನೋವಿರುವ ಬೆಕ್ಕು ಕತ್ತಲು ಮೂಲೆ ಹುಡುಕುತ್ತದೆ, ಅಲ್ಲಿಂದ ಎಳೆದು ತೆಗೆಯುವಾಗ ಹೊಲಿಗೆಗೆ ಪೆಟ್ಟಾಗುತ್ತದೆ. ಅಡಗಲು ಒಂದು ಜಾಗ ನೀವೇ ಕೊಟ್ಟುಬಿಡಿ: ಒಂದು ಬದಿ ಪೂರ್ತಿ ಕತ್ತರಿಸಿದ ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿಟ್ಟರೆ ಸಾಕು.

ಅಂಥ ಕೋಣೆಯೇ ಇಲ್ಲದಿದ್ದರೆ 3 ಅಡಿ ಉದ್ದ, 2 ಅಡಿ ಅಗಲದ ನಾಯಿಗೂಡು ಎರವಲು ಸಿಗುತ್ತದೆಯೇ ನೋಡಿ.

ಬಚ್ಚಲಿನ ಒಲೆಯ ಹತ್ತಿರದ ಜಾಗ ಬೇಡ. ಬೆಕ್ಕಿಗೆ ಅದು ಬಲು ಇಷ್ಟದ ಜಾಗ, ಆದರೆ ಬೂದಿಯಲ್ಲಿ ಹೊರಳಿದರೆ ಅದೆಲ್ಲ ಹೊಲಿಗೆಗೆ ಮೆತ್ತಿಕೊಳ್ಳುತ್ತದೆ, ಬಚ್ಚಲ ನೆಲ ಸದಾ ತೇವ ಬೇರೆ.

ಹಾಸಿಗೆ ಹೀಗಿರಲಿ: ಅಡಿಯಲ್ಲಿ ಒಣ ಗೋಣಿ ಎರಡು ಮಡಿಕೆ, ಮೇಲೆ ಕಂಬಳಿ, ಎಲ್ಲಕ್ಕೂ ಮೇಲೆ ಬಿಳಿ ಹತ್ತಿ ಬಟ್ಟೆ. ಹಳೆಯ ಪಂಚೆ ಹರಿದು ಆರು ತುಂಡು ಮಾಡಿಟ್ಟುಕೊಳ್ಳಿ. ಬಿಳಿಯೇ ಯಾಕೆಂದರೆ ಗಾಯದಿಂದ ಏನು ಸೋರಿದೆ, ರಕ್ತವೋ ಕೀವೋ ಬರೀ ನೀರೋ, ಎಷ್ಟು ಸೋರಿದೆ ಎನ್ನುವುದು ಬೆಳಿಗ್ಗೆ ಎದ್ದಾಗ ಬಟ್ಟೆಯ ಮೇಲೇ ಕಾಣುತ್ತದೆ. ಬಣ್ಣದ ಸೀರೆ ತುಂಡಿನಲ್ಲಿ ಇದು ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಒಗೆದ ತುಂಡುಗಳನ್ನು ಇಸ್ತ್ರಿ ಮಾಡಿ ಒಣಗಿಸಿ; ತೇವವೂ ಹೋಗುತ್ತದೆ, ರೋಗಾಣುಗಳೂ ತಕ್ಕಮಟ್ಟಿಗೆ ಸಾಯುತ್ತವೆ.

ಆಸ್ಪತ್ರೆಯಿಂದ ಹೊರಡುವ ಮುನ್ನ

ಡಾಕ್ಟರ ಬಳಿ ಕೇಳಿ ಬರೆಸಿಕೊಳ್ಳಬೇಕಾದ ಸಂಗತಿಗಳಿವು: ಬೆಕ್ಕಿನ ತೂಕ ಎಷ್ಟು, ಗಾಯ ಹೊಟ್ಟೆಯ ನಡುವೆ ಇದೆಯೋ ಪಕ್ಕೆಯಲ್ಲೋ, ಹೊರಗಿನ ಹೊಲಿಗೆ ತಾನಾಗಿ ಕರಗುವ ದಾರದ್ದೋ, ತೆಗೆಸಬೇಕಾದದ್ದೋ, ತೆಗೆಸುವುದಾದರೆ ಯಾವತ್ತು, ನೋವಿನ ಇಂಜೆಕ್ಷನ್ ಕೊಟ್ಟಿದ್ದಾರೆಯೇ, ಮುಂದಿನ ಡೋಸು ಎಷ್ಟು ಗಂಟೆಗೆ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ಕೊನೆಯದನ್ನು ಕೇಳಲು ಸಂಕೋಚಪಡಬೇಡಿ.

ಕರೆತರಲು ಗೋಣಿಚೀಲ ಬೇಡ. ಮಂಪರಿನಲ್ಲಿರುವ ಬೆಕ್ಕಿನ ಕತ್ತು ಮಡಚಿಕೊಂಡರೆ ಉಸಿರಾಟಕ್ಕೆ ಅಡ್ಡಿ, ಚೀಲದೊಳಗೆ ಅದು ಹೊರಗಿನವರಿಗೆ ಕಾಣುವುದೂ ಇಲ್ಲ. ಬೆಕ್ಕಿನ ಪೆಟ್ಟಿಗೆ ಇಲ್ಲದಿದ್ದರೆ ತರಕಾರಿಯ ಪ್ಲಾಸ್ಟಿಕ್ ಕ್ರೇಟು ಎರಡನ್ನು ಬಾಯಿಗೆ ಬಾಯಿ ಕೂಡಿಸಿ ನಾಲ್ಕು ಕಡೆ ಹಗ್ಗ ಕಟ್ಟಿದರೆ ಗಟ್ಟಿ ಪಂಜರವಾಗುತ್ತದೆ, ಗಾಳಿಯೂ ಆಡುತ್ತದೆ. ಬೆಕ್ಕನ್ನು ಪಕ್ಕಕ್ಕೆ ಮಲಗಿಸಿ, ಕತ್ತು ನೀಟಾಗಿ ಮುಂದೆ ಚಾಚಿರಲಿ, ತಲೆಯಡಿ ದಿಂಬು ಬೇಡ. ಶಿವಮೊಗ್ಗದಿಂದ ತೀರ್ಥಹಳ್ಳಿಗೋ ಸಾಗರಕ್ಕೋ 60-70 ಕಿ.ಮೀ. ದಾರಿ, ನಡುವೆ ಒಂದೆರಡು ಸಲ ಗಾಡಿ ನಿಲ್ಲಿಸಿ ಎದೆ ಏರಿಳಿಯುತ್ತಿದೆಯೇ, ವಾಂತಿಯಾಗಿ ಬಾಯಿ ಮೂಗಿಗೆ ಅಂಟಿದೆಯೇ ನೋಡಿ. ಬೈಕಿನಲ್ಲಿ ತರುವುದಾದರೆ ಹಿಂದೆ ಕೂತವರು ಕ್ರೇಟನ್ನು ಮಡಿಲಲ್ಲಿ ಇಟ್ಟುಕೊಂಡು ಗಾಳಿಗೆ ಟವೆಲ್ ಹೊದಿಸಬೇಕು.

ಮೊದಲ ರಾತ್ರಿ

ಅರಿವಳಿಕೆಯಲ್ಲಿ ಬೆಕ್ಕಿನ ಮೈ ಶಾಖ ಇಳಿಯುತ್ತದೆ, ಮೈ ತಣ್ಣಗಿದ್ದಷ್ಟೂ ಮಂಪರು ಇಳಿಯುವುದು ತಡ. ಮಲೆನಾಡಿನ ಸಿಮೆಂಟು, ರೆಡ್ ಆಕ್ಸೈಡ್ ನೆಲಗಳು ರಾತ್ರಿ ತಣ್ಣಗೆ ಕೊರೆಯುತ್ತವೆ, ಆದ್ದರಿಂದಲೇ ಗೋಣಿ ಕಂಬಳಿಯ ಮಾತು. ಒಂದು ಲೀಟರಿನ ಬಾಟಲಿಗೆ ಉಗುರು ಬೆಚ್ಚಗಿಂತ ಸ್ವಲ್ಪ ಬಿಸಿಯಾದ ನೀರು ತುಂಬಿ, ಟವೆಲ್ಲಿನಲ್ಲಿ ಎರಡು ಸುತ್ತು ಸುತ್ತಿ, ಬೆನ್ನಿನ ಕಡೆ ಇಡಿ. ಬಾಟಲಿಯನ್ನು ಮುಂಗೈ ಒಳಬದಿಗೆ ಒತ್ತಿ ಹಿಡಿದರೆ ನಿಮಗೆ ಹಿತವೆನಿಸಬೇಕು. ಕುದಿನೀರು ತುಂಬಿದರೆ ಮಂಪರಿನಲ್ಲಿರುವ ಬೆಕ್ಕು ಸರಿದುಕೊಳ್ಳಲಾಗದೆ ಚರ್ಮ ಸುಡುತ್ತದೆ. ಕೆಂಡದ ಬಾಣಲೆ, ರೂಮ್ ಹೀಟರು ಯಾವುದೂ ಬೇಡ.

ಬೆಕ್ಕಿನ ಆಪರೇಷನ್‌ಗೆ ಕೆಟಮಿನ್ ಎಂಬ ಅರಿವಳಿಕೆ ಬಳಸುವುದು ಸಾಮಾನ್ಯ. ಅದರಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಮಲಗಿರುತ್ತದೆ. ನೋಡಿದವರು ಗಾಬರಿಯಾಗುತ್ತಾರೆ. ಎಚ್ಚರಾಗುವಾಗ ತಲೆ ಅತ್ತಿತ್ತ ತೂಗುವುದು, ಓಲಾಡಿ ನಡೆಯುವುದು, ಕಾರಣವಿಲ್ಲದೆ ಬೆಚ್ಚುವುದು, ಜೊಲ್ಲು, ಒಂದೆರಡು ವಾಂತಿ, ಇವೆಲ್ಲ ನಿರೀಕ್ಷಿತವೇ. ಕೋಣೆಯ ದೀಪ ಮಂದವಾಗಿರಲಿ, ಟಿ.ವಿ. ಸದ್ದು ಬೇಡ, ಮಕ್ಕಳನ್ನು ಅವತ್ತು ಹತ್ತಿರ ಬಿಡಬೇಡಿ. ಮರುದಿನ ಬೆಳಿಗ್ಗೆ ಹೊತ್ತಿಗೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಕರೆದರೂ ತಲೆ ಎತ್ತದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ರಾತ್ರಿ ಮಲಗುವ ತನಕ ಗಂಟೆಗೊಮ್ಮೆ, ಆಮೇಲೆ ಅಲಾರಂ ಇಟ್ಟು ಒಂದೆರಡು ಸಲ ಎದ್ದು ಎರಡು ಪರೀಕ್ಷೆ ಮಾಡಿ. ಮೊದಲನೆಯದು ಒಸಡು. ಮೇಲ್ದುಟಿ ಎತ್ತಿ ನೋಡಿದರೆ ನಸುಗೆಂಪು ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡು ಸುಣ್ಣದಂತೆ ಬಿಳಿಚಿದ್ದು, ಬೆಕ್ಕು ತಣ್ಣಗೆ ಸುಸ್ತಾಗಿ ಬಿದ್ದಿದ್ದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಹೊರಗೆ ಒಂದು ಹನಿಯೂ ಕಾಣದಿರಬಹುದು. ಕರಿಬೆಕ್ಕುಗಳ ಒಸಡೇ ಕಪ್ಪಗಿದ್ದರೆ ಕೆಳರೆಪ್ಪೆ ಸರಿಸಿ ಒಳಗಿನ ಬಣ್ಣ ನೋಡಿ. ಎರಡನೆಯದು ಉಸಿರು. ಮಲಗಿದ್ದಾಗ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿದ್ದರೆ ನಿಶ್ಚಿಂತೆ, 40 ದಾಟಿ ಹಾಗೇ ಮುಂದುವರಿದರೆ ಫೋನ್ ಮಾಡಿ. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ತೇಕುತ್ತಿದ್ದರೆ ಅದು ಯಾವಾಗಲೂ ತುರ್ತು. ಮಳೆಗಾಲದ ರಾತ್ರಿ ಕರೆಂಟು ಹೋಗುವುದು ಇದ್ದದ್ದೇ, ಟಾರ್ಚು ಚಾರ್ಜಾಗಿರಲಿ.

ಚೆನ್ನಾಗಿ ಎಚ್ಚರಾಗಿ ತಲೆ ನೆಟ್ಟಗೆ ಹಿಡಿದ ಮೇಲೆ ಎರಡು ಚಮಚದಷ್ಟು ನೀರು ಚಪ್ಪಟೆ ತಟ್ಟೆಯಲ್ಲಿ ಇಡಿ. ವಾಂತಿಯಾಗದಿದ್ದರೆ ಅರ್ಧ ಗಂಟೆ ಬಿಟ್ಟು ಮಾಮೂಲಿನ ಕಾಲು ಭಾಗ ಊಟ. ಪಾಪ ಹಸಿದಿದೆ ಎಂದು ಮಂಪರಿನಲ್ಲಿರುವಾಗ ಬಾಯಿಗೆ ಹಾಲು ಹುಯ್ಯಬೇಡಿ. ನುಂಗುವ ಶಕ್ತಿ ಮರಳಿರುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ.

ನಾಲಿಗೆಗೆ ತಡೆ

ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಗಡಸು ಮುಳ್ಳುಗಳಿವೆ. ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎಂಬ ಮಾತನ್ನು ನಂಬಬೇಡಿ. ಹತ್ತು ನಿಮಿಷ ಬಿಟ್ಟರೆ ಹೊಲಿಗೆಯ ಗಂಟು ಸಡಿಲಾಗುತ್ತದೆ, ರಾತ್ರಿಯಿಡೀ ಬಿಟ್ಟರೆ ಗಾಯ ಬಾಯಿ ಬಿಡುತ್ತದೆ. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನ್ ಹೊಲಿಗೆ ತೆಗೆಯುವವರೆಗೂ ಇರಬೇಕು. ಗಂಡು ಬೆಕ್ಕಿಗೆ ಸಾಮಾನ್ಯವಾಗಿ ಹೊಲಿಗೆಯೇ ಇರುವುದಿಲ್ಲ, ಎರಡು ಸಣ್ಣ ಗಾಯಗಳನ್ನು ಹಾಗೇ ಬಿಟ್ಟಿರುತ್ತಾರೆ. ಅದಕ್ಕೆ 5ರಿಂದ 7 ದಿನ ಸಾಕು.

ಕೋನಿನ ಅಂಚು ಮೂಗಿನ ತುದಿಗಿಂತ 2-3 ಸೆಂ.ಮೀ. ಮುಂದೆ ಬಂದಿರಬೇಕು. ಕೊರಳಿಗೂ ಕೋನಿಗೂ ನಡುವೆ ಒಂದು ಬೆರಳು ಸಲೀಸಾಗಿ, ಎರಡು ಬೆರಳು ಬಿಗಿಯಾಗಿ ಹೋಗಬೇಕು. ಅದಕ್ಕಿಂತ ಸಡಿಲವಿದ್ದರೆ ಮುಂಗಾಲು ತೂರಿಸಿ ಅರ್ಧ ಕಳಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ದಿನ ಹಿಂದೆ ಹಿಂದೆ ನಡೆಯುತ್ತದೆ, ಬಾಗಿಲಿಗೆ ಬಡಿಯುತ್ತದೆ, ಕೂತಲ್ಲೇ ಮುಖ ಊದಿಸಿಕೊಳ್ಳುತ್ತದೆ. ಕರಗಿ ತೆಗೆಯಬೇಡಿ, ಎರಡನೆಯ ದಿನಕ್ಕೆ ಹೊಂದಿಕೊಳ್ಳುತ್ತದೆ. ಊಟಕ್ಕೆ ತೆಗೆಯುವುದಾದರೆ ಬೆಕ್ಕು ಉಂಡು ಮುಗಿಸಿ ಮತ್ತೆ ಹಾಕುವವರೆಗೆ ಪಕ್ಕದಿಂದ ಏಳಬಾರದು.

ಊರಲ್ಲಿ ಕೋನ್ ಸಿಗದಿದ್ದರೆ ಹಳೆಯ ಎಕ್ಸ್‌ರೇ ಫಿಲ್ಮಿನಿಂದ ಮಾಡಿಕೊಳ್ಳಬಹುದು. ದೊಡ್ಡ ಎದೆಯ ಎಕ್ಸ್‌ರೇ ಬೇಕು. ಮೂರು ಕೆ.ಜಿ. ಸುಮಾರಿನ ಬೆಕ್ಕಿಗೆ ಅಳತೆ ಹೀಗೆ:

1. ಫಿಲ್ಮಿನ ಮೇಲೆ 17 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು ಕತ್ತರಿಸಿ. ನಟ್ಟನಡುವೆ 5 ಸೆಂ.ಮೀ. ತ್ರಿಜ್ಯದ ತೂತು ಮಾಡಿ.
2. ಈ ಬಳೆಯಿಂದ ಕಾಲು ಭಾಗ ಕತ್ತರಿಸಿ ತೆಗೆಯಿರಿ. ಉಳಿದ ಮುಕ್ಕಾಲನ್ನು ಸುತ್ತಿದರೆ ಕೋನ್ ಆಗುತ್ತದೆ. ಅಂಚು 2-3 ಸೆಂ.ಮೀ. ಒಂದರ ಮೇಲೊಂದು ಬಂದಾಗ ಕೊರಳ ಸುತ್ತಳತೆ ಸುಮಾರು 21 ಸೆಂ.ಮೀ. ಉಳಿಯುತ್ತದೆ. ನಿಮ್ಮ ಬೆಕ್ಕಿನ ಕೊರಳನ್ನು ದಾರದಿಂದ ಅಳೆದು ಹೆಚ್ಚು ಕಡಿಮೆ ಮಾಡಿಕೊಳ್ಳಿ.
3. ಒಳಗಿನ ಮತ್ತು ಹೊರಗಿನ ಅಂಚಿಗೆ ಆಸ್ಪತ್ರೆಯ ಪ್ಲಾಸ್ಟರ್ ಮಡಚಿ ಅಂಟಿಸಿ. ಬರೀ ಫಿಲ್ಮಿನ ಅಂಚು ಕೊರಳನ್ನು ಕುಯ್ಯುತ್ತದೆ.
4. ಒಳ ಅಂಚಿನಲ್ಲಿ ನಾಲ್ಕು ತೂತು ಮಾಡಿ, ಬ್ಯಾಂಡೇಜ್ ಬಟ್ಟೆಯ ಪಟ್ಟಿ ಪೋಣಿಸಿ ಕೊರಳಿಗೆ ಕಟ್ಟಿ. ಸೆಣಬಿನ ದಾರ ಬೇಡ, ಉಜ್ಜಿ ಹುಣ್ಣಾಗುತ್ತದೆ.

ಪಕ್ಕೆಯಲ್ಲಿ ಗಾಯವಿರುವ ಹೆಣ್ಣು ಬೆಕ್ಕಿಗೆ ಹಳೆಯ ಟೀ ಶರ್ಟಿನ ತೋಳನ್ನು ಅಂಗಿಯಂತೆ ಹಾಕಿ, ನಾಲ್ಕು ಕಾಲಿಗೆ ತೂತು ಮಾಡುವವರಿದ್ದಾರೆ. ಬೇಸಿಗೆಯಲ್ಲಿ ಅಡ್ಡಿಯಿಲ್ಲ. ಮಳೆಗಾಲದಲ್ಲಿ ಮಾತ್ರ ಅಂಗಿ ತೇವ ಹಿಡಿದು ಗಾಯವನ್ನು ಬೇಯಿಸಿದಂತೆ ಮಾಡುತ್ತದೆ. ಹಾಕಲೇಬೇಕೆಂದರೆ ನಾಲ್ಕು ಅಂಗಿ ಇಟ್ಟುಕೊಂಡು ದಿನಕ್ಕೆರಡು ಸಲ ಬದಲಾಯಿಸಿ. ಗಂಡು ಬೆಕ್ಕಿಗೆ ಇದರಿಂದ ಪ್ರಯೋಜನವಿಲ್ಲ.

ಗಾಯ ನೋಡುವ ಕ್ರಮ

ದಿನಕ್ಕೆರಡು ಸಲ, ಹಗಲು ಬೆಳಕಿನಲ್ಲಿ ನೋಡಿ. ಮುಟ್ಟಬೇಕಿಲ್ಲ. ಒಬ್ಬರು ಮುಂಗಾಲ ಕೆಳಗೆ ಕೈ ಕೊಟ್ಟು ಬೆಕ್ಕಿನ ಮುಂಭಾಗವನ್ನು ತುಸು ಎತ್ತಿದರೆ ಇನ್ನೊಬ್ಬರು ಮೊಬೈಲಿನಲ್ಲಿ ಫೋಟೋ ತೆಗೆಯಬಹುದು, ದಿನವೂ ಒಂದೇ ಜಾಗದಲ್ಲಿ, ಒಂದೇ ದೂರದಿಂದ. ನೆನ್ನೆಗೂ ಇವತ್ತಿಗೂ ಊತ ಹೆಚ್ಚಿದೆಯೇ ಎಂಬುದು ನೆನಪಿನಲ್ಲಿ ಉಳಿಯುವುದಿಲ್ಲ, ಫೋಟೋದಲ್ಲಿ ಉಳಿಯುತ್ತದೆ. ಡಾಕ್ಟರಿಗೆ ಕಳಿಸಲೂ ಅನುಕೂಲ.

ಮೊದಲ ದಿನ ಅಂಚು ನಸುಗೆಂಪು, ಒಂದೆರಡು ಹನಿ ತಿಳಿಗೆಂಪು ನೀರು ಇರಬಹುದು. ಮೂರು ನಾಲ್ಕನೆಯ ದಿನ ಸ್ವಲ್ಪ ಊತ. ವಾರದ ಹೊತ್ತಿಗೆ ಹೊಲಿಗೆಯ ಕೆಳಗೆ ಗಟ್ಟಿಯಾದ ದಿಂಡು ಬೆರಳಿಗೆ ಸಿಗುತ್ತದೆ. ಅದು ಒಳಹೊಲಿಗೆ ಮತ್ತು ಮಾಯುತ್ತಿರುವ ಮಾಂಸ, ಕೆಲವು ವಾರಗಳಲ್ಲಿ ತಾನೇ ಕರಗುತ್ತದೆ. ಐದನೆಯ ದಿನದ ನಂತರವೂ ಊತ ಏರುತ್ತಲೇ ಇದ್ದರೆ, ಗಾಯ ಬಿಸಿಯಾಗಿದ್ದರೆ, ಹಳದಿ ಹಸಿರು ಕೀವು ಅಥವಾ ವಾಸನೆ ಬಂದರೆ, ಅಂಚು ಅಗಲಿದರೆ ತೋರಿಸಬೇಕು. ಜಿಗಿದಾಡಿದ ಬೆಕ್ಕಿಗೆ ಗಾಯದ ಕೆಳಗೆ ನೀರು ತುಂಬಿ ಮೆತ್ತಗಿನ ಉಬ್ಬು ಬರುವುದುಂಟು. ಒಳಹೊಲಿಗೆ ಬಿಚ್ಚಿ ಕರುಳು ಚರ್ಮದಡಿ ಬಂದಾಗಲೂ ಮೆತ್ತಗಿನ ಉಬ್ಬೇ ಕಾಣುವುದು. ಮನೆಯಲ್ಲಿ ಎರಡನ್ನೂ ಬೇರೆ ಮಾಡಿ ಹೇಳಲಾಗದು. ಒತ್ತಬೇಡಿ, ಸೂಜಿ ಚುಚ್ಚಬೇಡಿ, ಕರೆದುಕೊಂಡು ಹೋಗಿ.

ಏನನ್ನೂ ಹಚ್ಚಬೇಡಿ

ಮಲೆನಾಡಿನ ಮನೆಯಲ್ಲಿ ಗಾಯ ಕಂಡೊಡನೆ ಕೈ ಹೋಗುವುದು ಅರಿಶಿನದ ಡಬ್ಬಿಗೆ. ಅರಿಶಿನ ಬೆಕ್ಕಿಗೆ ವಿಷವೇನಲ್ಲ. ಆದರೆ ಹೊಲಿಗೆಯ ಮೇಲೆ ಹೆಪ್ಪುಗಟ್ಟಿ ಕೂತು ಕೆಂಪೋ ಕೀವೋ ಕಾಣದಂತೆ ಮಾಡುತ್ತದೆ, ಪುಡಿ ಶುದ್ಧವಾಗಿರುವುದೂ ಇಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಬೆಕ್ಕಿಗೆ ನೆಕ್ಕಲು ಇನ್ನಷ್ಟು ರುಚಿ. ಡೆಟ್ಟಾಲ್, ಫಿನಾಯಿಲ್ ನಿಜಕ್ಕೂ ಅಪಾಯ: ಅವುಗಳಲ್ಲಿರುವ ಫೀನಾಲ್ ಜಾತಿಯ ವಸ್ತುಗಳನ್ನು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಕೋಣೆ ಒರೆಸಲೂ ಆ ಹತ್ತು ದಿನ ಫಿನಾಯಿಲ್ ಬೇಡ, ಸೋಪಿನ ನೀರು ಸಾಕು. ನೀಲಗಿರಿ ಎಣ್ಣೆ, ಕರ್ಪೂರವೂ ಅದೇ ಸಾಲಿನವು.

ಇನ್ನು ಕೊಟ್ಟಿಗೆಯ ಔಷಧಿಗಳು. ದನದ ಗಾಯದ ಹುಳಕ್ಕೆ ಬಳಸುವ ಟರ್ಪಂಟೈನ್, ನುಸಿಗುಳಿಗೆ ಪುಡಿ, ಹೊಗೆಸೊಪ್ಪಿನ ರಸ, ಉಣ್ಣಿಗೆ ಬಳಿಯುವ ದ್ರಾವಣ ಯಾವುದನ್ನೂ ಬೆಕ್ಕಿನ ಹತ್ತಿರ ತರಬೇಡಿ. ಉಣ್ಣಿಯ ಔಷಧಿಗಳಲ್ಲಿ ಹಲವು ಪೈರೆಥ್ರಾಯ್ಡ್ ಎಂಬ ಕೀಟನಾಶಕ ಜಾತಿಯವು. ದನಕ್ಕೂ ನಾಯಿಗೂ ತಡೆಯುವ ಪ್ರಮಾಣ ಬೆಕ್ಕಿಗೆ ನಡುಕ, ಫಿಟ್ಸ್ ತರುತ್ತದೆ, ಜೀವವನ್ನೂ ತೆಗೆಯುತ್ತದೆ.

ಡಾಕ್ಟರು ಮುಲಾಮು ಅಥವಾ ಸ್ಪ್ರೇ ಬರೆದಿದ್ದರೆ ಅದೊಂದೇ. ಗಾಯದ ಸುತ್ತ ಕೊಳೆಯಾದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಹಾಕಿ, ಹತ್ತಿ ಅದ್ದಿ ಹಿಂಡಿ, ಸುತ್ತಲಿನ ಕೂದಲನ್ನಷ್ಟೇ ಒರೆಸಿ, ಒಣ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ.

ಮಳೆ ಮತ್ತು ನೊಣ

ಸ್ವಲ್ಪ ಹಸಿಯಿರುವ ಗಾಯ, ಮಗ್ಗುಲಲ್ಲೇ ಕೊಟ್ಟಿಗೆ, ಮೋಡದ ಹವೆ. ನೊಣಕ್ಕೆ ಇಷ್ಟು ಸಾಕು. ರವೆ ಕಾಳಿನಂಥ ಬಿಳಿ ಮೊಟ್ಟೆಗಳು ಗಾಯದ ಅಂಚಿನ ಕೂದಲಿಗೆ ಗುಂಪಾಗಿ ಅಂಟಿರುತ್ತವೆ, ಒಂದು ದಿನದೊಳಗೆ ಹುಳವಾಗುತ್ತವೆ. ಮೊಟ್ಟೆಯಾಗಿದ್ದಾಗಲೇ ಕಂಡರೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ತೆಗೆದುಬಿಡಬಹುದು, ಅದಕ್ಕೇ ದಿನಕ್ಕೆರಡು ಸಲ ನೋಡಬೇಕೆನ್ನುವುದು. ಹುಳ ಕಂಡರೆ ಮನೆಮದ್ದು ಬೇಡ, ಅದೇ ದಿನ ಆಸ್ಪತ್ರೆಗೆ. ಹುಳ ಮೇಲೆ ಕಂಡಷ್ಟೇ ಇರುವುದಿಲ್ಲ. ತಡೆಗೆ ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಸಿ. ಇಲ್ಲದಿದ್ದರೆ ಮಗುವಿಗೆ ಮುಚ್ಚುವ ಕೊಡೆಯಂಥ ಸೊಳ್ಳೆಪರದೆಯನ್ನು ಬೆಕ್ಕಿನ ಪೆಟ್ಟಿಗೆಯ ಮೇಲೆ ಬಿಡಿಸಿಡಿ. ತಿಂದು ಬಿಟ್ಟ ಮೀನು, ಕೊಳೆಯಾದ ಮಲದ ತಟ್ಟೆ ಹದಿನೈದು ನಿಮಿಷವೂ ಕೋಣೆಯಲ್ಲಿರಬಾರದು.

ಮಳೆಯಲ್ಲಿ ತಪ್ಪಿಸಿಕೊಂಡು ಹೋಗಿ ಒದ್ದೆಯಾಗಿ ಬಂದರೆ ಒಣ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಉಜ್ಜಬೇಡಿ. ಆಮೇಲೆ ಫ್ಯಾನ್ ಕೆಳಗೆ ಅರ್ಧ ಗಂಟೆ. ಮೈಯಲ್ಲಿ, ಅದರಲ್ಲೂ ಬೆರಳ ಸಂದಿಯಲ್ಲಿ ಇಂಬಳ (ಜಿಗಣೆ) ಹತ್ತಿದೆಯೇ ನೋಡಿ. ಇಂಬಳ ಕಚ್ಚಿದ ಜಾಗದಿಂದ ರಕ್ತ ಬಹಳ ಹೊತ್ತು ಒಸರುತ್ತದೆ, ಹೊಲಿಗೆಯೇ ಬಿಚ್ಚಿತೇನೋ ಎಂದು ಗಾಬರಿಯಾಗುವಷ್ಟು.

ಊಟ

ಮೂರು ಕೆ.ಜಿ. ಬೆಕ್ಕಿಗೆ ದಿನಕ್ಕೆ ಮೂಳೆಯಿಲ್ಲದ ಬೆಂದ ಕೋಳಿ ಸುಮಾರು 100 ಗ್ರಾಂ, ಅಥವಾ ಅಂಗಡಿಯ ಒಣ ಬೆಕ್ಕಿನಾಹಾರ 40-45 ಗ್ರಾಂ ಸಾಕು, ನಾಲ್ಕು ಹೊತ್ತಿಗೆ ಹಂಚಿ. ಬಂಗುಡೆ, ಬೂತಾಯಿ ಕೊಡುವುದಾದರೆ ಬರೀ ನೀರಲ್ಲಿ ಬೇಯಿಸಿ ಮುಳ್ಳು ಬಿಡಿಸಿ. ಉಳಿದ ಮೀನುಸಾರಿನ ಅನ್ನ ಈಗ ಬೇಡ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಸ್ಯಾಹಾರಿಗಳ ಮನೆಯಲ್ಲಿ ಮೊಸರನ್ನದ ಮೇಲೇ ಬೆಕ್ಕು ಬದುಕಿರುತ್ತದೆ, ಹೊರಗೆ ಇಲಿ ಹಿಡಿದು ಕೊರತೆ ತುಂಬಿಕೊಂಡಿರುತ್ತದೆ. ಕೋಣೆಯಲ್ಲಿ ಕೂಡಿದಾಗ ಇಲಿ ಎಲ್ಲಿಂದ ಬರಬೇಕು? ಗಾಯ ಮಾಯಲು ಮಾಂಸದ ಪ್ರೋಟೀನು ಬೇಕೇ ಬೇಕು. ಅಡಿಗೆಮನೆಗೆ ಮಾಂಸ ತಾರದವರು ಪ್ಯಾಕೆಟ್ಟಿನ ಆಹಾರ ತರಲಿ. ಹಾಲು ಬಹಳ ಬೆಕ್ಕುಗಳಿಗೆ ಭೇದಿ ತರುತ್ತದೆ. ಭೇದಿಯಾದರೆ ಬಾಲ, ಹಿಂಗಾಲು, ಗಾಯ ಎಲ್ಲ ಕೊಳೆ.

ಮೊದಲ ದಿನ ಊಟ ಬಿಡುವುದು ಸಹಜ. ಆಹಾರವನ್ನು ಉಗುರು ಬೆಚ್ಚಗೆ ಮಾಡಿ, ಮೀನು ಬೇಯಿಸಿದ ನೀರು ಒಂದು ಚಮಚ ಸುರಿದು ಕೊಡಿ. ಬೆಕ್ಕು ವಾಸನೆ ಹಿಡಿದೇ ತಿನ್ನುವ ಪ್ರಾಣಿ. 24 ಗಂಟೆ ಏನೂ ತಿನ್ನದಿದ್ದರೆ ಫೋನ್, 48 ಗಂಟೆಯಾದರೆ ಬೆಕ್ಕನ್ನೇ ಒಯ್ಯಿರಿ. ಉಪವಾಸವಿದ್ದ ಬೆಕ್ಕಿನ ಮೈಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಂಡು ಯಕೃತ್ತೇ ಕೆಲಸ ನಿಲ್ಲಿಸಬಹುದು. ದಪ್ಪ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು.

ಹಾಲೂಡುವ ತಾಯಿಬೆಕ್ಕಿಗೆ ಆಪರೇಷನ್ ಆಗಿದ್ದರೂ ಹಾಲು ನಿಲ್ಲುವುದಿಲ್ಲ. ಪೂರ್ತಿ ಎಚ್ಚರಾದ ಮೇಲೆ ಮರಿಗಳನ್ನು ಬಿಡಬಹುದು, ಆದರೆ ಮರಿಗಳ ಉಗುರು ಹೊಟ್ಟೆಯ ಗಾಯಕ್ಕೆ ತಾಗದಂತೆ ಹತ್ತಿರ ಕೂತು ನೋಡಿ.

ಮಲಮೂತ್ರ

ಹೊರಗೆ ಮಣ್ಣು ಕೆದಕಿ ರೂಢಿಯಾದ ಬೆಕ್ಕಿಗೆ ಒಳಗೆ ತಟ್ಟೆ ಬೇಕು. ಅಗಲವಾದ ಅಡಿಕೆ ಹಾಳೆಯ ಎರಡು ತುದಿ ಮಡಚಿ ಕಡ್ಡಿ ಚುಚ್ಚಿದರೆ ಒಳ್ಳೆಯ ತಟ್ಟೆ, ಕೊಳೆಯಾದರೆ ಗೊಬ್ಬರ ಗುಂಡಿಗೆ ಎಸೆದು ಹೊಸತು ಇಡಬಹುದು. ತುಂಬಲು ಹರಿದ ದಿನಪತ್ರಿಕೆ. ಮರಳು, ಬೂದಿ, ಮರದ ಹೊಟ್ಟು ಈ ಹತ್ತು ದಿನ ಬೇಡ, ಗಂಡು ಬೆಕ್ಕಿನ ತೆರೆದ ಗಾಯಕ್ಕಂತೂ ಖಂಡಿತ ಬೇಡ. ಕಾಗದ ಮೂಸಿ ಹಿಂದೆ ಸರಿದರೆ ಅದು ಮಾಮೂಲಾಗಿ ಹೋಗುವ ಜಾಗದ ಒಂದು ಹಿಡಿ ಒಣಮಣ್ಣನ್ನು ಮೂಲೆಗೆ ಉದುರಿಸಿ, ವಾಸನೆಯಿಂದ ಅರ್ಥವಾಗುತ್ತದೆ. ಮಲವಿಸರ್ಜನೆ ಎರಡು ಮೂರು ದಿನ ಆಗದಿದ್ದರೂ ಚಿಂತೆಯಿಲ್ಲ. ಮೂತ್ರ ಮಾತ್ರ 24 ಗಂಟೆಯೊಳಗೆ ಆಗಬೇಕು. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕಿ ಹನಿಯೂ ಬರದಿದ್ದರೆ ಕಾಯುವಂತಿಲ್ಲ.

ಮಾತ್ರೆ

ಮನುಷ್ಯರ ನೋವಿನ ಮಾತ್ರೆ ಒಂದೂ ಬೇಡ. 500 ಮಿ.ಗ್ರಾಂ.ನ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು: ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಪಾದ ಊದುತ್ತವೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ಹಾಗೇ ಅಪಾಯ. ಬೆಕ್ಕಿಗೆ ಬರೆಯುವ ಮೆಲಾಕ್ಸಿಕಾಮ್ ದಿನಕ್ಕೆ ಒಂದು ಮಿಲಿಗ್ರಾಮಿಗಿಂತ ಕಡಿಮೆ, ಮನುಷ್ಯರ ಮಾತ್ರೆಯಲ್ಲಿ 7.5 ಇಲ್ಲವೇ 15 ಮಿ.ಗ್ರಾಂ. ಇರುತ್ತದೆ. ಮುರಿದು ಅಂದಾಜಿನಲ್ಲಿ ಕೊಡುವ ಮಾತೇ ಇಲ್ಲ. ಇನ್ನೊಂದು ವಿಷಯ: ಬೆಕ್ಕು ತಿನ್ನದೆ ಕುಡಿಯದೆ ಇದ್ದರೆ, ವಾಂತಿ ಮಾಡುತ್ತಿದ್ದರೆ, ಬರೆದ ನೋವಿನ ಔಷಧಿಯನ್ನೂ ನಿಲ್ಲಿಸಿ ಫೋನ್ ಮಾಡಿ ಕೇಳಿ. ಮೈಯಲ್ಲಿ ನೀರಿಲ್ಲದಾಗ ಅದು ಮೂತ್ರಪಿಂಡಕ್ಕೆ ಹೊಡೆಯುತ್ತದೆ.

ಮಾತ್ರೆಯನ್ನು ಮೊದಲು ಮೀನಿನ ತುಣುಕಿನಲ್ಲಿ ಅಡಗಿಸಿ ನೋಡಿ. ಉಗುಳಿದರೆ:

1. ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಕಾಲುಗಳು ಒಳಗಿರಲಿ, ಗಾಯದ ಮೇಲೆ ಬಿಗಿ ಬೇಡ. ಬೆನ್ನು ನಿಮ್ಮ ಹೊಟ್ಟೆಗೆ ಒರಗಲಿ.
2. ಎಡಗೈಯಿಂದ ತಲೆಯ ಮೇಲಿನಿಂದ ಕೆನ್ನೆಮೂಳೆ ಹಿಡಿದು ಮೂಗು ಮೇಲ್ಮುಖ ಮಾಡಿ. ಕೆಳದವಡೆ ತಾನೇ ಸಡಿಲಾಗುತ್ತದೆ.
3. ಬಲಗೈಯ ನಡುಬೆರಳಿನಿಂದ ಕೆಳಗಿನ ಮುಂಹಲ್ಲು ಒತ್ತಿ, ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ಹಾಕಿ ಬಾಯಿ ಮುಚ್ಚಿ ಹಿಡಿಯಿರಿ.
4. ಸೂಜಿ ತೆಗೆದ ಸಿರಿಂಜಿನಿಂದ 5 ಮಿ.ಲೀ. ನೀರನ್ನು ಕೆನ್ನೆಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟಾಗ ಇದನ್ನು ಬಿಡಲೇಬಾರದು. ಮಾತ್ರೆ ಅನ್ನನಾಳದಲ್ಲಿ ಅಂಟಿದರೆ ಸುಟ್ಟು ಗಾಯವಾಗಿ ನಾಳವೇ ಕಿರಿದಾಗುತ್ತದೆ.

ಕಚ್ಚಿದರೆ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಯಲ್ಲಿ ತೋರಿಸಿ, ರೇಬಿಸ್ ಲಸಿಕೆಯ ಬಗ್ಗೆ ಕೇಳಿ. ಮನೆಬೆಕ್ಕಲ್ಲವೇ ಎಂದು ಬಿಡಬೇಡಿ.

ಬೇರೆ ಆಪರೇಷನ್‌ಗಳು, ಬೇರೆ ಬೆಕ್ಕುಗಳು

ಕಾಲು ಮುರಿದು ರಾಡು ಹಾಕಿದ್ದರೆ ಕೋಣೆ ಸಾಲದು, ಗೂಡೇ ಬೇಕು, ಅದೂ ಹತ್ತು ದಿನವಲ್ಲ, ವಾರಗಟ್ಟಲೆ. ಬ್ಯಾಂಡೇಜಿನ ಕೆಳಗಿನ ಬೆರಳುಗಳನ್ನು ದಿನಾ ಮುಟ್ಟಿ: ತಣ್ಣಗಾಗಿದ್ದರೆ, ಊದಿ ಬೆರಳು ಅಗಲಿದ್ದರೆ ಕಟ್ಟು ಬಿಗಿಯಾಗಿದೆ ಎಂದರ್ಥ, ಅವತ್ತೇ ಬಿಚ್ಚಿಸಿ. ಕಾದಾಟದ ಕೀವುಗಡ್ಡೆ ಕೊಯ್ದು ನಳಿಗೆ ಇಟ್ಟಿದ್ದರೆ ಸೋರುವುದೇ ಅದರ ಕೆಲಸ, ಬಾಯಿ ಮುಚ್ಚಿಸಲು ಹೋಗಬೇಡಿ.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಆಸ್ಪತ್ರೆಯ ವಾಸನೆ ಹೊತ್ತು ಬಂದದ್ದನ್ನು ಅದು ಪರಕೀಯವೆಂದೇ ಎಣಿಸಿ ಬುಸುಗುಟ್ಟುತ್ತದೆ. ಎರಡು ಮೂರು ದಿನ ಬೇರೆಯೇ ಇರಲಿ, ಒಂದರ ಹಾಸು ಬಟ್ಟೆಯನ್ನು ಇನ್ನೊಂದರ ಬಳಿ ಹಾಕಿ ವಾಸನೆ ಕೂಡಿಸಿ.

ತಡಮಾಡಬಾರದ ಹೊತ್ತು

ಬಿಳಿಚಿದ ಒಸಡು, ಬಾಯಿ ತೆರೆದ ಉಸಿರು, ನಿಲ್ಲದ ರಕ್ತ, ಮತ್ತೆ ಮತ್ತೆ ವಾಂತಿ, ಫಿಟ್ಸ್, ಕಟ್ಟಿದ ಮೂತ್ರ, ಇವು ಬೆಳಗಾಗಲಿ ಎಂದು ಕಾಯುವಂಥವಲ್ಲ. ಗಾಯ ಬಿಚ್ಚಿ ಒಳಗಿನದು ಹೊರಬಂದಿದ್ದರೆ ಒಳಗೆ ತಳ್ಳಬೇಡಿ. ಶುದ್ಧ ಬಟ್ಟೆಯನ್ನು ಮೇಲೆ ಹೇಳಿದ ಉಪ್ಪು ನೀರಲ್ಲಿ ತೋಯಿಸಿ ಹೊದಿಸಿ, ಸಡಿಲಾಗಿ ಸುತ್ತಿ, ಕೋನ್ ಹಾಕಿಯೇ ಹೊರಡಿ. ಏನೂ ತಿನ್ನಿಸಬೇಡಿ, ಮತ್ತೆ ಅರಿವಳಿಕೆ ಕೊಡಬೇಕಾಗುತ್ತದೆ. ಜಿಲ್ಲೆಯಲ್ಲಿ ದೊಡ್ಡ ಮಟ್ಟದ ಚಿಕಿತ್ಸೆಗೆ ಶಿವಮೊಗ್ಗದ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ತಾಲ್ಲೂಕು ಪಶು ಆಸ್ಪತ್ರೆಗಳಿವೆ, ಪಶು ಸಹಾಯವಾಣಿ 1962 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. ಆಗುಂಬೆ, ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಒಳಹಳ್ಳಿಗಳಲ್ಲಿ ಇರುವವರು ಇನ್ನೊಂದು ರೂಢಿ ಮಾಡಿಕೊಂಡರೆ ಒಳ್ಳೆಯದು: ಸಣ್ಣ ಅನುಮಾನವನ್ನೂ ಮಧ್ಯಾಹ್ನದೊಳಗೇ ಫೋನಿನಲ್ಲಿ ಬಗೆಹರಿಸಿಕೊಳ್ಳಿ. ಕತ್ತಲಾದ ಮೇಲೆ, ಮಳೆಯಲ್ಲಿ, ಮರ ಬಿದ್ದ ರಸ್ತೆಯಲ್ಲಿ ಹೊರಡುವ ಪ್ರಸಂಗ ಅರ್ಧಕ್ಕರ್ಧ ತಪ್ಪುತ್ತದೆ.

ಹೊರಗೆ ಬಿಡುವುದು

ಹೊಲಿಗೆ ತೆಗೆಸುವ ದಿನ 10ರಿಂದ 14ರ ನಡುವೆ ಬರುತ್ತದೆ. ಬ್ಲೇಡಿನಿಂದ ಮನೆಯಲ್ಲೇ ಕತ್ತರಿಸಬೇಡಿ; ಒಂದು ತುಂಡು ಒಳಗೆ ಉಳಿದರೆ ಅಲ್ಲೇ ಕೀವು. ತೆಗೆಸಿದ ಮೇಲೂ ಸಣ್ಣ ತೂತುಗಳು ಮುಚ್ಚಲು ಒಂದು ದಿನ ಒಳಗೇ ಇರಲಿ, ಸ್ನಾನ ಇನ್ನೊಂದು ವಾರ ಬೇಡ. ಬಿಡುವಾಗ ಮಳೆಯಿಲ್ಲದ ಬೆಳಿಗ್ಗೆ, ಊಟಕ್ಕೆ ಮುಂಚೆ ಬಿಡಿ. ಹಸಿದ ಬೆಕ್ಕು ಊಟದ ಹೊತ್ತಿಗೆ ಮರಳುತ್ತದೆ.

ಗಂಡು ಬೆಕ್ಕಿನ ದೇಹದಲ್ಲಿ ವೀರ್ಯ ಇನ್ನೂ ಕೆಲವು ವಾರ ಉಳಿದಿರುತ್ತದೆ, ಆಪರೇಷನ್ ಆಗದ ಹೆಣ್ಣು ಬೆಕ್ಕು ಮನೆಯಲ್ಲಿದ್ದರೆ ಒಂದೂವರೆ ತಿಂಗಳು ದೂರವಿಡಿ. ಇನ್ನು, ಸಂತಾನಹರಣದ ನಂತರ ಹಸಿವು ಹೆಚ್ಚಿ ಮೈಗೆ ಬೇಕಾದ ಆಹಾರ ಕಡಿಮೆಯಾಗುತ್ತದೆ. ಗಾಯ ಮಾಯ್ದ ಮೇಲೆ ತಟ್ಟೆಗೆ ಹಾಕುವುದನ್ನು ಸುಮಾರು ಕಾಲು ಭಾಗ ಇಳಿಸಿ, ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆದು ಬರೆದಿಡಿ.